ಉದ್ಘಾಟನೆಯ ಚೆಂಡು

ನೇಸರಗಿಯ ಹೈಸ್ಕೂಲು ಬಯಲಿನಲ್ಲಿ ಆ ದಿನ ಗಾಳಿ ಬೀಸದೇ ಇದ್ದಿದ್ದರೆ ಬಸವಣ್ಣೆಪ್ಪನ ನೌಕರಿಗೆ ಏನೂ ಆಗುತ್ತಿರಲಿಲ್ಲ. ಸಂಸ್ಥೆಯ ಚೇರ್ಮನ್ನರಾದ ಸಾಹುಕಾರ ನಿಜಗುಣಪ್ಪನವರು ಬೇಸ್‌ಬಾಲ್ ಪಂದ್ಯದ ಉದ್ಘಾಟನೆಗೆಂದು ದೀಪ ಹಚ್ಚಿದಷ್ಟು ಸಲವೂ ಗಾಳಿ ಬಂದು ಆರಿಸಿತು. ಕಡ್ಡಿಪೆಟ್ಟಿಗೆ ಖಾಲಿಯಾಯಿತು. ಸಾಹುಕಾರರ ಮುಖ ಬಿಗಿಯಿತು. ಆಗ ಹೆಡ್‌ಮಾಸ್ತರ ಶಟ್ಟೆಪ್ಪನವರ ತಲೆಯಲ್ಲಿ ಮಾತ್ರ ಒಂದು ದೀಪ ಹತ್ತಿತು.

"ದೀಪಾ ಯಾಕ ಬೇಕ್ರಿ ಸಾವ್ಕಾರ್ರ? ತಾವು ಒಂದ್ ಬಾಲ್ ಹೊಡದ್ರ ಉದ್ಘಾಟನಾ ಆದಂಗಽ. ನಮ್ಮ ಬಸವಣ್ಣೆಪ್ಪ ಒಗೀತಾರ."

ಬಸವಣ್ಣೆಪ್ಪ ಆ ಶಾಲೆಯ ಬೇಸ್‌ಬಾಲ್ ಕೋಚು, ಅದೂ ಹಂಗಾಮಿ. ತೊಂಬತ್ತೆಂಟನೇ ಇಸವಿಯಲ್ಲಿ ಜಿಲ್ಲಾ ಕ್ರೀಡಾಕೂಟಕ್ಕೆ ಈ ಆಟ ಸೇರಿದಾಗ, ಅದನ್ನು ಕಣ್ಣಾರೆ ಕಂಡವನು ಊರಲ್ಲಿ ಅವನೊಬ್ಬನೇ. ಆಟದಲ್ಲಿ ಚೆಂಡು ಒಗೆಯುವ ಪಿಚರ್ ಆಗಿ ಬೈಲಹೊಂಗಲ, ಧಾರವಾಡ, ಹುಬ್ಬಳ್ಳಿ, ಸಾಂಗಲಿ ಎಂದು ತಂಡದಿಂದ ತಂಡಕ್ಕೆ ತಿರುಗಿದ್ದ. ಒಮ್ಮೆ ಕರೆದವರು ಮತ್ತೊಮ್ಮೆ ಕರೆಯಲಿಲ್ಲ. ಯಾಕೆಂದರೆ ಅವನ ಚೆಂಡು ಗಂಟೆ ಬಾರಿಸಿದ ಕೂಡಲೇ ಮನೆಗೆ ಓಡುವ ಹುಡುಗನಂತೆ ನೆಟ್ಟಗೆ ಬ್ಯಾಟಿನ ಕಡೆಗೇ ಓಡುತ್ತಿತ್ತು. ತೋಳು ಸೋತ ಮೇಲೆ ಊರಿಗೆ ಬಂದು ಕೋಚಾದ. ಅವನನ್ನು ಕಾಯಂ ಮಾಡುವ ಮಾತನ್ನು ಸಾಹುಕಾರರು ಇವತ್ತು ವೇದಿಕೆಯ ಮೇಲಿಂದಲೇ ಹೇಳುವವರಿದ್ದರು. ಹೆಂಡತಿ ಅನ್ನಪೂರ್ಣಾ ಪೇಢೆಯ ಡಬ್ಬಿ ಹಿಡಿದುಕೊಂಡೇ ಬಂದು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು.

ಶಟ್ಟೆಪ್ಪನವರು ಕಿವಿಯ ಹತ್ತಿರ ಬಂದರು. "ಸಾವಕಾಶ ಒಗೀರಿ. ಬ್ಯಾಟಿಗೆ ಬಡೀಲಿಲ್ಲಂದ್ರ ನಿಮ್ಮ ಆರ್ಡರಿಗೆ ಸಹಿ ಬೀಳೂದಿಲ್ಲ, ಹೇಳೇನಿ."

"ಅಂಜಬ್ಯಾಡ್ರಿ ಸರ. ನನ್ನ ಬಾಲು ಕಂಡಕಂಡಾವ್ರೆಲ್ಲಾ ಹೊಡದಾರ್ರಿ."

ಸಾಹುಕಾರರು ಧೋತರದ ಚುಂಗು ಸಿಕ್ಕಿಸಿ, ಬ್ಯಾಟನ್ನು ಒನಕೆಯಂತೆ ಹಿಡಿದು ನಿಂತರು. ಅವರ ಅಳಿಯ ಬಾಳೇಶ ಬಿಸಿಲು ತಾಗದಂತೆ ಹಿಂದೆ ಕೊಡೆ ಹಿಡಿದ.

ಬಸವಣ್ಣೆಪ್ಪ ಒಗೆದ. ಜೀವಮಾನದಲ್ಲಿ ಒಮ್ಮೆಯೂ ಬಾಗದ ಚೆಂಡು ಆ ಗಾಳಿಗೆ ಹಾವಿನಂತೆ ಬಾಗಿ, ಬ್ಯಾಟಿಗೆ ಕೈಮುಗಿದು ಪಕ್ಕದಿಂದ ಹೋಯಿತು. ಇನ್ನೊಂದನ್ನು ಒಗೆದ. ಅದು ಮೇಲೆದ್ದು ಇಳಿಯಿತು. ಧಾರವಾಡದವರು ಬೇಡಿಕೊಂಡರೂ ಬಾರದಿದ್ದ ತಿರುವುಗಳೆಲ್ಲ ಇವತ್ತು ಕರೆಯದೆಯೇ ಬಂದವು.

ಶೇಂಗಾ ಮಾರುವ ಮುದಕವ್ವನಿಗೆ ತಡೆಯಲಾಗಲಿಲ್ಲ. "ಏ ಮಾಸ್ತರಾ, ಹಿರ್ಯಾರಿಗೆ ಹಿಂಗ ಅಡ್ಡಾದಿಡ್ಡಿ ಒಗೀತಾರೇನೊ? ಕೈಯಾಗ ಒಯ್ದ ಕೊಟ್ ಬಾರಪಾ!"

ಮೂರನೆಯದೂ ತಪ್ಪಿತು. ಮೂರು ತಪ್ಪಿದರೆ ಔಟು. ಯರಗಟ್ಟಿಯಿಂದ ಬಂದ ಅಂಪೈರು ರೂಢಿಯಂತೆ ಕೈ ಎತ್ತಿದ. ಶಟ್ಟೆಪ್ಪನವರು ಓಡಿ ಬಂದು ಆ ಕೈಯನ್ನು ಕೆಳಗೆ ಎಳೆದರು.

"ಚೇರ್ಮನ್ರು ಔಟ್ ಆಗೂದಿಲ್ರಿ! ಅವರು ಆಜೀವ ಚೇರ್ಮನ್ರು!"

"ಒಗೀರಿ, ಒಗೀರಿ," ಎಂದರು ಸಾಹುಕಾರರು, ಬೆವರು ಒರೆಸಿಕೊಳ್ಳುತ್ತ. "ಹೊಡೀಲಾರದ ಹೋಗಾಂವಲ್ಲ ನಾನು."

ಬೀಸದೆ ಬಿಟ್ಟ ನಾಲ್ಕು ಚೆಂಡು ದೂರ ಹೋದರೆ ಬ್ಯಾಟಿನವನಿಗೆ ಒಂದನೇ ಬೇಸು, ಅಂದರೆ ಓಟದ ಸುತ್ತಿನ ಮೊದಲ ಮೂಲೆ, ಬಿಟ್ಟಿ ಸಿಗುತ್ತದೆ ಎಂಬ ನಿಯಮ ಬಸವಣ್ಣೆಪ್ಪನಿಗೆ ನೆನಪಾಯಿತು. ಬೇಕೆಂದೇ ದೂರ ಒಗೆದ. ಸಾಹುಕಾರರು ಸುಮ್ಮನಿರಬೇಕಲ್ಲ! ಕೋಳಿ ಹಿಡಿಯುವವರಂತೆ ಪ್ರತಿ ಚೆಂಡಿನ ಹಿಂದೆಯೂ ಬ್ಯಾಟು ಬೀಸಿಕೊಂಡು ಓಡಿದರು. ಅವರ ಹಿಂದೆ ಕೊಡೆಯೂ ಓಡಿತು. ಕೊನೆಗೆ ಕೂಸಿಗೆ ಒಗೆದಂತೆ ಮೆಲ್ಲಗೆ ಒಂದು ಒಗೆದ. ಗಾಳಿ ಅದನ್ನು ಎತ್ತಿಕೊಂಡು ಹೋಗಿ ಸಾಹುಕಾರರ ಹೊಟ್ಟೆಗೆ ಧಪ್ಪೆಂದು ಬಡಿಯಿತು.

ಬಸವಣ್ಣೆಪ್ಪ ಎರಡೂ ಕೈ ಮೇಲೆತ್ತಿ ಕೂಗಿದ.

"ಬಾಲ್ ಮೈಗೆ ಬಡೀತು! ರೂಲ್ ಪ್ರಕಾರ ಒಂದನೇ ಬೇಸ್ ಸಾವ್ಕಾರ್ರದು! ಚಪ್ಪಾಳಿ ಹೊಡೀರಿ ಎಲ್ಲಾರೂ!"

ಸಾಹುಕಾರರು ಹೊಟ್ಟೆ ತಿಕ್ಕಿಕೊಳ್ಳುತ್ತ ಕೇಳಿದರು, "ಬಡಿಸ್ಕೊಂಡಾವ್ರು ಗೆದ್ದಂಗೇನ್ರಿ?"

"ಹೌದ್ರಿ, ಈ ಆಟಾನಽ ಹಂಗ."

ಬಡಿಸಿಕೊಂಡವರು ಗೆದ್ದದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಕೂಲಿ ಕೇಳಿ ಬಡಿಸಿಕೊಂಡವರಿದ್ದರು, ಕೆರೆಯ ನೀರು ಮುಟ್ಟಿ ಬಡಿಸಿಕೊಂಡವರಿದ್ದರು, ಅವರಿಗೆ ಯಾವ ಬೇಸೂ ಸಿಕ್ಕಿರಲಿಲ್ಲ. ಬಡಿಸಿಕೊಂಡವರು ಸಾಹುಕಾರರಾದಾಗ ನಿಯಮವೂ ಎದ್ದು ನಿಂತು ಜಾಗ ಬಿಟ್ಟಿತು.

ಬಸವಣ್ಣೆಪ್ಪ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಮುಂದೆ ಬ್ಯಾಟು ಹಿಡಿದ ಮೂವರು ಹುಡುಗರಿಗೂ ಬೇಕೆಂದೇ ದೂರ ದೂರ ಒಗೆದ. ಒಬ್ಬೊಬ್ಬನಿಗೆ ಬೇಸು ಸಿಕ್ಕಂತೆಲ್ಲ ಸಾಹುಕಾರರು ಒಂದೊಂದು ಬೇಸು ಮುಂದಕ್ಕೆ ನಡೆದರು. ಹಿಂದೆ ಕೊಡೆ ಹಿಡಿದ ಬಾಳೇಶ, ಅವನ ಹಿಂದೆ ನೀರಿನ ತಂಬಿಗೆ ಹಿಡಿದ ಶಟ್ಟೆಪ್ಪನವರು. ಲಗ್ನದ ಮೆರವಣಿಗೆಯಂತೆ ಬಯಲು ಸುತ್ತಿ ಹೊರಟಲ್ಲಿಗೇ ಬಂದು ಮುಟ್ಟಿದರು. ರನ್! ಫೋಟೋ ತೆಗೆದದ್ದೇ ತೆಗೆದದ್ದು.

ಸಾಹುಕಾರರು ಹಾರ ಹಾಕಿಸಿಕೊಂಡು ಮೈಕು ಹಿಡಿದರು. "ಆಟಾ ಭಾಳ ಚಲೋ ಐತಿ. ಕೋಚ್ ಹುದ್ದೇನ ಇವತ್ತಿಂದ ಕಾಯಂ ಮಾಡೇನಿ!"

ಚಪ್ಪಾಳೆ ಬಿತ್ತು. ಅನ್ನಪೂರ್ಣಾ ಡಬ್ಬಿ ತೆಗೆದು ಮುದಕವ್ವನ ಬಾಯಿಗೆ ಪೇಢೆ ಇಟ್ಟಳು. ಬಸವಣ್ಣೆಪ್ಪ ಅಂಗಿ ಸರಿಮಾಡಿಕೊಂಡು ವೇದಿಕೆಯ ಮೆಟ್ಟಿಲ ಮೇಲೆ ಕಾಲಿಟ್ಟ.

"ಆದ್ರ," ಎಂದರು ಸಾಹುಕಾರರು, "ಬ್ಯಾಟ್ ಹಿಡದ ಮೊದಲನೇ ದಿನಾನಽ ನಾನು ಈ ಬಸವಣ್ಣೆಪ್ಪನ ಮ್ಯಾಲೆ ರನ್ ಮಾಡೇನಿ. ನಮ್ಮ ಅಳ್ಯಾ ಬಾಳೇಶ ಬ್ಯಾಟನ್ನೂ ಹಿಡೀಲಿಲ್ಲ, ಬರೇ ಕೊಡಿ ಹಿಡದು ರನ್ ಮಾಡ್ಯಾನ. ಇಷ್ಟು ಹಗರ ಬಾಲ್ ಒಗ್ಯಾವ್ರ ಕೈಯಾಗ ಹುಡುಗೂರನ್ನ ಹೆಂಗ ಕೊಡೂದ್ರಿ? ಕಾಯಂ ಕೋಚ್ ಬಾಳೇಶನಽ ಆಗ್ಲಿ!"

ಮೊದಲಿನ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅದೇ ಮುಂದುವರಿಯಿತು. ಬಸವಣ್ಣೆಪ್ಪನ ಕೈಗಳೂ ಅವನನ್ನು ಕೇಳದೆ ಒಂದಿಷ್ಟು ತಟ್ಟಿದವು.

ಸಭೆ ಚದುರಿದ ಮೇಲೆ ಬಾಳೇಶ ಕೊಡೆ ಮಡಚಿಕೊಂಡು ಹತ್ತಿರ ಬಂದ. ಹುಡುಗ ಕೆಟ್ಟವನಲ್ಲ, ಕೈಮುಗಿದೇ ಕೇಳಿದ. "ಸರ, ಈ ಆಟದಾಗ ಎಷ್ಟ ಮಂದಿ ಇರ್ತಾರ್ರಿ?"

"ಒಂಬತ್ತ ಮಂದಿ," ಎಂದ ಬಸವಣ್ಣೆಪ್ಪ. "ಹತ್ತನೇದಾಂವ ಅಳ್ಯಾ."

ಬಾಳೇಶ ಪೆನ್ನು ತೆಗೆದು ಅದನ್ನು ಅಂಗೈ ಮೇಲೆ ಬರೆದುಕೊಂಡ. ಬರೆದು ಮುಗಿಸಿ ತಲೆಯೆತ್ತಿದ.

"ಆ ಅಳ್ಯಾ ಎಲ್ಲಿ ನಿಂದ್ರಬೇಕಾಕ್ಕೈತ್ರಿ ಸರ?"