ಕಾರ್ಪೆಟ್ಟಿಗೆ ಎಣ್ಣೆಸ್ನಾನ

ನಮ್ಮ ಚಿಕ್ಕಪ್ಪ ತಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡದ್ದನ್ನು ಯಾರೂ ನೋಡಿಲ್ಲ. ಆದರೆ ಕಾರ್ಪೆಟ್ಟಿಗೆ ಹಚ್ಚಿದ್ದನ್ನು ಮಾತ್ರ ಕೆಂಪಾಪುರದ ಅವರ ಬೀದಿಗೆ ಬೀದಿಯೇ ನೋಡಿದೆ!

ಕಾರ್ಪೆಟ್ಟು ಚಿಕ್ಕಮ್ಮನದು. ಗಾಢ ನೀಲಿ, ಅಂಚಿಗೆ ಬಿಳಿ ಬಳ್ಳಿ. ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಅಡ್ಡಾಗದಿದ್ದರೆ ಅವರಿಗೆ ದಿನವೇ ಸಾಗದು. ಮಂಚದ ಮೇಲೆ ಬರೀ ನಿದ್ದೆ ಬರುತ್ತದಂತೆ, ಕಾರ್ಪೆಟ್ಟಿನ ಮೇಲಾದರೆ ಕನಸು. ಎದ್ದ ಕೂಡಲೇ ಕಾಫಿಯ ಜೊತೆ ಅದನ್ನೂ ನಮಗೆ ಹಂಚುತ್ತಾರೆ.

"ಹೆಬ್ಬಾಳ ಫ್ಲೈಓವರ್ ಮೇಲೆ ಬರಿಗಾಲಲ್ಲಿ ನಡ್ಕೊಂಡು ಹೋಗ್ತಿದ್ದೆ ಕಣ್ರೀ. ಕೆಳಗೆ ಕೆರೆ, ಮೇಲೆ ಮೋಡ. ಒಂದ್ ಗಾಡೀನೂ ಇರ್ಲಿಲ್ಲ!"

"ಗಾಡಿ ಇಲ್ಲ ಅಂದಾಗ್ಲೇ ಕನಸು ಅಂತ ಗೊತ್ತಾಗ್ಬೇಕಿತ್ತು ನಿಂಗೆ" ಎನ್ನುತ್ತಾರೆ ಚಿಕ್ಕಪ್ಪ.

ತೊಂದರೆಯೆಂದರೆ ಚಿಕ್ಕಮ್ಮನಿಗೆ ಉಬ್ಬಸ. ಧೂಳು ಆಗದು, ಕಾರ್ಪೆಟ್ ತೆಗೆದುಹಾಕಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಚಿಕ್ಕಮ್ಮ ಎದುರಾಡಲಿಲ್ಲ. ಅದನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿ, ಮಂಚದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದರು. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಆಗ್ದಿರೋದು ಧೂಳು ತಾನೇ? ಧೂಳು ಹೋಗ್ಲಿ, ಕಾರ್ಪೆಟ್ ಇರ್ಲಿ!"

ಕ್ಲೀನಿಂಗಿನವರನ್ನು ಕರೆಸಿದರು. ಅವರು ಹೇಳಿದ ರೇಟು ಕೇಳಿ ಚಿಕ್ಕಪ್ಪನಿಗೇ ಉಬ್ಬಸ ಬಂತು! ಕಾಫಿ ಕೊಟ್ಟು ಅವರನ್ನು ಕಳಿಸಿ, ಪಂಚೆ ಎತ್ತಿ ಕಟ್ಟಿ, ಕಾರ್ಪೆಟ್ಟನ್ನು ಹೆಗಲಿಗೇರಿಸಿಕೊಂಡು ತಾರಸಿ ಹತ್ತಿದರು. ರಜೆಯಲ್ಲಿ ಹೋಗಿದ್ದ ನಾನು ಅಸಿಸ್ಟೆಂಟು.

ಮೊದಲು ಹಳೇ ಕ್ರಿಕೆಟ್ ಬ್ಯಾಟಿನಲ್ಲಿ ಬಡಿತ. ಎದ್ದ ಧೂಳು ಪಕ್ಕದ ತಾರಸಿಗೆ ಹಾರಿತು. ಅಲ್ಲಿದ್ದಾಕೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಅಂಕಲ್, ಸಂಡಿಗೆಗೆ ಜೀರಿಗೆ ನಾವೇ ಹಾಕಿದೀವಿ. ನೀವೂ ಯಾಕೆ ಉದುರಿಸ್ತಿದೀರಾ?"

ಆಮೇಲೆ ಚಿಕ್ಕಮ್ಮ ಕೆಳಗಿನಿಂದಲೇ ಕೂಗಿ ಸಲಹೆ ಕೊಟ್ಟರು. "ರೀ, ಸೀಗೆಪುಡಿ ಹಾಕಿ ತೊಳೀರಿ, ಖರ್ಚೇ ಇಲ್ಲ!" ಚಿಕ್ಕಪ್ಪ ಯೋಚನೆಗೆ ಬಿದ್ದರು. ಸೀಗೆಪುಡಿ ಎಂದ ಮೇಲೆ ಅದಕ್ಕೆ ಮುಂಚೆ ಎಣ್ಣೆ ಬೇಡವೇ? "ಬರೀ ಸೀಗೆ ಹಾಕಿದ್ರೆ ಒಣಕಲಾಗಲ್ವೇನೇ?" ಎಂದು ನನ್ನನ್ನೇ ಕೇಳಿದರು. ನನಗೂ ಸರಿಯೆನಿಸಿತು! ಹರಳೆಣ್ಣೆ ಬಂತು. ಅಂಚಿನ ಬಳ್ಳಿಯನ್ನೂ ಬಿಡದೆ ತಿಕ್ಕಿ ತಿಕ್ಕಿ ಹಚ್ಚಿದರು.

ಹರಳೆಣ್ಣೆ ಸೀಗೆಪುಡಿಗೆ ಬಗ್ಗುತ್ತದೆಯೇ? ಜಿಡ್ಡು ತೆಗೆಯಲು ಕಡ್ಲೆಹಿಟ್ಟು ಸುರಿದರು. ಒಂದು ಈರುಳ್ಳಿ ಹೆಚ್ಚಿ ಹಾಕಿದ್ದರೆ ಪಕೋಡವೇ ಆಗುತ್ತಿತ್ತು. ಇರುವೆಗಳು ಕುಟುಂಬ ಸಮೇತ ಬಂದವು. ಮೆಲ್ಲಗೆ ಮೆಟ್ಟಿಲು ಹತ್ತಿ ಬಂದ ಚಿಕ್ಕಮ್ಮ ಎಲ್ಲವನ್ನೂ ನೋಡಿ, "ಮಂಗಳಸ್ನಾನ ಮುಗೀತೇನ್ರೀ? ಆರತಿ ತರ್ಲಾ?" ಎಂದರು. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲಲೇ ಇಲ್ಲ. ಸುಧಾರಿಸಿಕೊಂಡ ಮೇಲೆ ಸಣ್ಣ ದನಿಯಲ್ಲಿ ಹೇಳಿದರು. "ಇದರ ಮೇಲೆ ಮಲಗಿದಾಗ ಇನ್ನೊಂದ್ಸಲ ಹೀಗಾದ್ರೆ, ನಾನೇ ಯಾರಿಗಾದ್ರೂ ಕೊಟ್ಬಿಡ್ತೀನಿ ಬಿಡಿ."

ಚಿಕ್ಕಪ್ಪ ಮತ್ತೆ ಬಕೆಟ್ಟು ತುಂಬಿದರು. ಎಣ್ಣೆ ಬಿಡುವವರೆಗೂ ಸೋಪಿನ ನೀರು ಹಾಕಿ ತೊಳೆದರು, ಹಗ್ಗಕ್ಕೆ ಹಾಕಿ ಒಣಗಿಸಿದರು. ಒಣಗುವುದೆಂದರೆ ಏನು ಸೊಗಸು! ಕೆರೆಯ ಕಡೆಯಿಂದ ಬರುವ ಗಾಳಿಗೆ ನೀಲಿ ಕಾರ್ಪೆಟ್ಟು ಮೆಲ್ಲಗೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಮೇಲೆ ವಿಮಾನವೊಂದು ಸದ್ದಿಲ್ಲದೆ ಸಣ್ಣದಾಗುತ್ತ ಮೋಡದೊಳಗೆ ಹೋಯಿತು. ನೀರಿನ ಟ್ಯಾಂಕಿಗೆ ಒರಗಿ ಕೂತ ನನಗೆ ಎಚ್ಚರ ಎಲ್ಲಿ ಮುಗಿದು ನಿದ್ದೆ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

ಕಣ್ಣು ಬಿಟ್ಟಾಗ ಕಾರ್ಪೆಟ್ಟು ನೆಲದ ಮೇಲಿತ್ತು. ಅದರ ಮೇಲೆ ಬೋರಲು ಮಲಗಿದ್ದ ಚಿಕ್ಕಪ್ಪ ಅದಕ್ಕೇ ಮೂಗು ಒತ್ತಿ ಜೋರಾಗಿ ಉಸಿರೆಳೆಯುತ್ತಿದ್ದರು.

"ಏನ್ ಚಿಕ್ಕಪ್ಪ, ಕನಸು ಹುಡುಕ್ತಿದೀರಾ?"

"ಧೂಳು ಕಣೇ. ನಂಗೆ ಕೆಮ್ಮು ಬಂದ್ರೆ ಇನ್ನೊಂದ್ಸಲ ತೊಳೀತೀನಿ. ಮೊದಲು ನನ್ ಎದೆಗೆ ಹೋಗ್ಲಿ." ಮುಖವನ್ನು ನನ್ನ ಕಡೆ ತಿರುಗಿಸಿದರು. "ಅವಳು ಮಲಗ್ದಾಗ ನಾನು ಪೇಪರ್ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತೀನಲ್ಲ, ಓದ್ತಿರ್ತೀನಿ ಅಂದ್ಕೊಂಡ್ಯಾ? ಉಸಿರು ಕೇಳ್ತಿರ್ತೀನಿ. ಅದು ಸರಿಯಾಗಿ ಆಡ್ತಿದ್ರೆ ಅವಳು ಎಲ್ಲೋ ನಡ್ಕೊಂಡು ಹೋಗ್ತಿದಾಳೆ ಅಂತ ಲೆಕ್ಕ."

ನಾನೂ ಕಾರ್ಪೆಟ್ಟಿನ ಇನ್ನೊಂದು ತುದಿಯಲ್ಲಿ ಬೋರಲು ಬಿದ್ದು, ಮೂಗು ಒತ್ತಿ ಉಸಿರೆಳೆದೆ. ಬಿಸಿಲಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲಿ ಕೆಮ್ಮು ಬರ್ಲಿಲ್ಲ ಚಿಕ್ಕಪ್ಪ."

"ಆ ಮೂಲೇಲೂ ಒಂದ್ಸಲ ನೋಡೇ" ಎಂದರು.