ಪರೀಕ್ಷೆ ಕಾಯುವ ಕ್ಯಾಮೆರಾದವರಿಗೆ, ಕೂದಲು ಸರಿಸಿದ ಕೈಯವಳು

ಮಾನ್ಯರೇ,

ಕಂಪ್ಯೂಟರಿನ ನೆತ್ತಿಯ ಮೇಲೆ ಕುಳಿತು, ರೆಪ್ಪೆ ಬಡಿಯದೆ, ಕೆಮ್ಮದೆ, ಆಕಳಿಸದೆ ಲೋಕದ ಮಕ್ಕಳೆಲ್ಲ ಪರೀಕ್ಷೆ ಬರೆಯುವುದನ್ನು ಕಾಯುತ್ತಿರುವ ತಮಗೆ, ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ ಅಜ್ಜಿಯೊಬ್ಬಳ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೇನಾಗುತ್ತದೆ, ಕರೆಂಟು ಇದ್ದರೆ ಸಾಕು.

ನನ್ನ ಮೊಮ್ಮಗಳು ಗುತ್ತಿಗೆಯ ಮೇಲೆ ಸಾಫ್ಟ್‌ವೇರ್ ಕೆಲಸ ಮಾಡುವವಳು. ಕಚೇರಿ ಎಂಬುದಿಲ್ಲ, ಲ್ಯಾಪ್‌ಟಾಪ್ ಬಿಚ್ಚಿದಲ್ಲೇ ಕಚೇರಿ. "ಹೇಗೂ ನಾನು ದೇಶ ಸುತ್ತುತಾ ಕೆಲ್ಸ ಮಾಡೋಳು, ನೀನೂ ಬಾ ಅಜ್ಜೀ, ನಾಲ್ಕು ಊರು ನೋಡ್ತೀಯ" ಎಂದು ನನ್ನನ್ನೂ ಹೊರಡಿಸಿದಳು. ನೋಡಿದೆ. ಬೇರೆಯವರು ಪರದೇಶಕ್ಕೆ ಹೋದರೆ ಗೋಪುರ, ಸೇತುವೆ ನೋಡಿಕೊಂಡು ಬರುತ್ತಾರೆ. ನಾವು ಪ್ಲಗ್ಗು ಎಲ್ಲಿದೆ ಎಂದು ನೋಡಿಕೊಂಡು ಬಂದೆವು. ಒಂದು ಗುತ್ತಿಗೆ ಮುಗಿಯುವ ಹೊತ್ತಿಗೆ ಕಲಿತ ವಿದ್ಯೆ ಹಳತಾಗಿರುತ್ತದಂತೆ, ಹೊಸದು ಕಲಿತರೇ ಮುಂದಿನ ಗುತ್ತಿಗೆಯಂತೆ. ಹಾಗಾಗಿ ಅವಳು ರೈಲಿನಲ್ಲಿ ಕಲಿತಳು, ಬಟ್ಟೆ ಒಗೆಯುವ ಅಂಗಡಿಯಲ್ಲಿ ನಮ್ಮ ಬಟ್ಟೆ ತಿರುಗುವಾಗ ಕಲಿತಳು, ವಿಮಾನ ನಿಲ್ದಾಣದ ನೆಲದ ಮೇಲೆ ನನ್ನ ಚೀಲಕ್ಕೆ ಒರಗಿ ಕಲಿತಳು. ಕಲಿತದ್ದಕ್ಕೆ ತಮ್ಮ ಸರ್ಟಿಫಿಕೇಟು ಬೇಕು. ಅದನ್ನು ಈ ಶುಕ್ರವಾರದೊಳಗೆ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು, ನಾವಿಬ್ಬರೂ ಗಂಟುಮೂಟೆ ಕಟ್ಟಬೇಕು.

ಪರೀಕ್ಷೆಯ ದಿನ ಕೋಣೆಯಲ್ಲಿ ಬೇರೊಂದು ನರಪಿಳ್ಳೆಯೂ ಇರಕೂಡದೆಂದು ತಮ್ಮ ಅಪ್ಪಣೆಯಾಯಿತು. ನಮಗಿರುವುದೇ ಒಂದು ಕೋಣೆ, ಹೊರಗೆ ಹಲ್ಲು ಕಟಕಟಿಸುವ ಚಳಿ. ಮೊಮ್ಮಗಳು ನನ್ನನ್ನು ಬಚ್ಚಲಿನಲ್ಲಿ ಕುರ್ಚಿ ಹಾಕಿ ಕೂರಿಸಿ, "ಉಸಿರು ಕೂಡ ಜೋರಾಗಿ ಬಿಡ್ಬೇಡ, ನನ್ನಜ್ಜಿ ಅಲ್ವಾ" ಎಂದು ಗಲ್ಲ ಹಿಡಿದು ಹೇಳಿ ಹೋದಳು. ಕೂತೆ. ಬಾಗಿಲ ಸಂದಿಯಿಂದ ನೋಡಿದರೆ ಮಗು ತುಟಿ ಕಚ್ಚಿಕೊಂಡು ಟಪಟಪ ಕುಟ್ಟುತ್ತಿದೆ, ಮುಂಗುರುಳು ಕಣ್ಣಿಗೆ ಚುಚ್ಚುತ್ತಿದೆ, ಸರಿಸಿಕೊಳ್ಳಲು ಕೈಗೆ ಬಿಡುವಿಲ್ಲ. ಅವಳು ಅಂಬೆಗಾಲಿಡುತ್ತಿದ್ದಾಗಿನಿಂದ ಆ ಕೂದಲನ್ನು ಕಿವಿಯ ಹಿಂದೆ ಸೇರಿಸುತ್ತಾ ಬಂದ ಕೈ ಇದು, ನನ್ನನ್ನು ಕೇಳಿ ಏಳುವುದಿಲ್ಲ. ಮೆಲ್ಲಗೆ ಬಂದೆ, ಸರಿಸಿದೆ, ಹಿಂದಿರುಗಿದೆ. ಅಷ್ಟರಲ್ಲಿ ತಾವು ಪರದೆಯನ್ನು ಕೆಂಪಗೆ ಮಾಡಿ, ಹೊರಗಿನವರಿಂದ ನೆರವು ಪಡೆದಿದ್ದಾಳೆಂದು ಪರೀಕ್ಷೆಯನ್ನೇ ರದ್ದು ಮಾಡಿದಿರಿ.

ಮಾನ್ಯರೇ, ತಮ್ಮ ಉಪಕಾರವನ್ನು ಮರೆಯಲಾರೆ. ಮೇಷ್ಟರು ನನ್ನನ್ನು ದಡ್ಡಿ ಎಂದರು, ಅತ್ತೆಯವರು ದೊಡ್ಡ ಸೊನ್ನೆ ಎಂದರು, ಸೊಸೆ ಬಾಯಿಬಿಟ್ಟು ಏನೂ ಹೇಳದೆ ಟಿವಿ ರಿಮೋಟನ್ನು ಕೈಗೆ ಎಟುಕದ ಹಾಗೆ ಮೇಲಿಟ್ಟಳು. ಈ ಮುದುಕಿಗೆ ಸಾಫ್ಟ್‌ವೇರ್ ಬರುತ್ತದೆಂದು, ಅದೂ ಮೊಮ್ಮಗಳಿಗೆ ಹೇಳಿಕೊಡುವಷ್ಟು ಬರುತ್ತದೆಂದು ಅನುಮಾನಪಟ್ಟ ಮೊದಲಿಗರು ತಾವು. ಆ ಅನುಮಾನವನ್ನು ಮೊಹರು ಹಾಕಿ ಕಳಿಸಿಕೊಟ್ಟರೆ ಚೌಕಟ್ಟು ಹಾಕಿಸಿ ಸೊಸೆಯ ಕಣ್ಣಿಗೆ ಬೀಳುವ ಕಡೆ ತೂಗುಹಾಕುತ್ತೇನೆ. ಯಾವ ಉತ್ತರವನ್ನು ಹೇಳಿಕೊಟ್ಟೆನೆಂಬುದನ್ನೂ ದಯವಿಟ್ಟು ತಿಳಿಸಿ. ಅದೊಂದನ್ನಾದರೂ ಬಾಯಿಪಾಠ ಮಾಡಿಕೊಳ್ಳುತ್ತೇನೆ.

"ಬಿಡಜ್ಜೀ, ನಿಂದೇನೂ ತಪ್ಪಿಲ್ಲ" ಎಂದಳು ಹುಡುಗಿ. ಬೈದಿದ್ದರೆ ವಾಸಿಯಿತ್ತು. ಹಾಗೆಂದು ಗೋಡೆ ಕಡೆ ತಿರುಗಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಆದ್ದರಿಂದ ನನ್ನ ಪ್ರಾರ್ಥನೆಯೇನೆಂದರೆ, ತಾವು ಹಿಡಿದ ಆ ಚಿತ್ರವನ್ನು, ತಮ್ಮ ಕಚೇರಿಯಲ್ಲಿ ತಾಯಿ ಹೊಟ್ಟೆಯಿಂದ ಬಂದವರು ಯಾರಾದರೂ ಒಬ್ಬರಿದ್ದರೆ ಅವರಿಗೆ ತೋರಿಸಿ. ಆ ಕೈಯಲ್ಲಿ ಚೀಟಿ ಇತ್ತೋ ಕೂದಲಿತ್ತೋ ಅವರೇ ಹೇಳಲಿ. ಶುಕ್ರವಾರದೊಳಗೆ ಅವಳು ಇನ್ನೊಮ್ಮೆ ಬರೆಯಲು ಬಿಡಿ. ಆ ಹೊತ್ತು ನಾನು ಬಚ್ಚಲಲ್ಲಿರುವುದಿಲ್ಲ, ಎದುರಿನ ಬಸ್ ನಿಲ್ದಾಣದಲ್ಲಿ ಕೂತಿರುತ್ತೇನೆ, ಚಳಿಗೆ ಸೆಟೆದುಹೋದರೂ ಸರಿ. ಕೂದಲು ಕಣ್ಣಿಗೆ ಬಿದ್ದರೆ ಮಾತ್ರ ತಾವೇ ಸರಿಸಬೇಕು. ಕಾಯುವವರೆಂದರೆ ಅಷ್ಟಾದರೂ ಮಾಡಬೇಡವೇ?

ತಮ್ಮ ವಿಶ್ವಾಸಿ,
ತಾವು ಹೊರಗಿನವಳೆಂದು ಬರೆದುಕೊಂಡಿರುವ ಅಜ್ಜಿ

ವಿ.ಸೂ.: ಗುತ್ತಿಗೆ ಕೊಡುವವರು ಕೇಳಿರುವ ಮೊದಲನೆಯ ಅರ್ಹತೆ "ನಾಲ್ಕು ಜನರ ಜೊತೆ ಹೊಂದಿಕೊಂಡು ಕೆಲಸ ಮಾಡುವವರಾಗಿರಬೇಕು" ಎಂದು ಮೊಮ್ಮಗಳು ಮೊನ್ನೆ ಓದಿ ಹೇಳಿದ್ದಳು. ಆ ಕೆಲಸಕ್ಕೆ ತಾವು ಮಾತ್ರ ಅರ್ಜಿ ಹಾಕಬೇಡಿ.