ಹುಣಸೆ ಬೀಜದ ಸ್ಪ್ಯಾನಿಷ್

ಮಹಾರಾಜರ ಎಂಟು ಜಿಲ್ಲೆಗಳಲ್ಲಿ ಸ್ಪ್ಯಾನಿಷ್ ಭಾಷೆಯನ್ನು ತಪ್ಪಿಲ್ಲದೆ ಮಾತಾಡುತ್ತಿದ್ದವರು ನನ್ನ ಸೋದರಮಾವ ಒಬ್ಬರೇ. ತಪ್ಪಿಲ್ಲದೆ ಎಂದು ಧೈರ್ಯವಾಗಿಯೇ ಹೇಳುತ್ತಿದ್ದೇನೆ. ಅಲ್ಲ ಎನ್ನುವವರಿದ್ದರೆ ಮುಂದೆ ಬರಲಿ! ಯಾರೂ ಬರುವುದಿಲ್ಲ. ಯಾರೂ ಬರಬಾರದೆಂದೇ ಅವರು ಆ ಭಾಷೆಯನ್ನು ಆರಿಸಿಕೊಂಡದ್ದು.

ಮಾವ ಚನ್ನರಾಯನದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದು, ಪಿಂಚಣಿಯಾದ ಮೇಲೆ ಮಧುಗಿರಿಗೆ ಬಂದು ನೆಲೆಸಿದವರು. ನಾನಾಗ ಅಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ; ಊಟ ವಸತಿ ಎಲ್ಲ ಅವರ ಮನೆಯಲ್ಲೇ. ಅವರು ಮೇಷ್ಟ್ರಾಗಿದ್ದ ಕಾಲದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರೊಬ್ಬರು ತನಿಖೆಗೆ ಬಂದರಂತೆ. ಮಾವ ಇಂಗ್ಲಿಷಿನಲ್ಲಿ ನಾಲ್ಕು ಮಾತು ಸ್ವಾಗತ ಹೇಳಿದರಂತೆ. ಸಾಹೇಬರು ಮಕ್ಕಳ ಎದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆವತ್ತಿನಿಂದ ಮಾವ ಇಂಗ್ಲಿಷನ್ನು ಓದಿದರೇ ಹೊರತು ಆಡಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ಆ ನಗುವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದರು.

ಹೀಗಿರುವಾಗ ಒಂದು ದಿನ ಪತ್ರಿಕೆಯಲ್ಲಿ ಜಾಹೀರಾತು ಕಂಡಿತು. ಬೊಂಬಾಯಿಯ ಯಾವುದೋ ಸಂಸ್ಥೆ ಅಂಚೆಯ ಮೂಲಕ ಸ್ಪ್ಯಾನಿಷ್ ಕಲಿಸುತ್ತದೆ. ತಿಂಗಳಿಗೊಂದರಂತೆ ಹನ್ನೆರಡು ಪಾಠ. ಹನ್ನೆರಡಕ್ಕೂ ಉತ್ತರ ಬರೆದು ಕಳಿಸಿದವರಿಗೆ ಮೊಹರು ಹಾಕಿದ ಸರ್ಟಿಫಿಕೇಟು. ಮಾವ ನನ್ನ ಕೈಯಲ್ಲಿ ಇಂಗ್ಲಿಷಿನ ಅರ್ಜಿ ಬರೆಸಿದರು. ಅಲ್ಲ ಮಾವ, ಹೋಗಿ ಹೋಗಿ ಈ ಭಾಷೆ ಯಾಕೆ ಎಂದು ಕೇಳಿದೆ.

"ಇದು ಬರೋನು ಈ ಸೀಮೇಲಿ ಯಾವನಾದ್ರೂ ಇದ್ದಾನೇನೋ? ತಪ್ಪು ಹಿಡಿಯೋನು ಯಾವನು ಅಂತ" ಎಂದರು.

ಸಾಹೇಬರು ಪಿಂಚಣಿ ಪಡೆದು ತುಮಕೂರಿನಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಸರ್ಟಿಫಿಕೇಟಿಗೆ ಗಾಜು, ಮರದ ಕಟ್ಟು ಹಾಕಿಸಿ, ಬಸ್ಸು ಹತ್ತಿ ಹೋಗಿ, ಅವರ ಮುಖದ ಮುಂದೆ ಹಿಡಿದು, ಈಗ ನಗಿ ನೋಡೋಣ ಎನ್ನಬೇಕು. ಮಾವನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಇದೊಂದೇ.

ಆದರೆ ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ? ಅವರ ಶಾಲೆಯಲ್ಲಿ ಒಂದು ಕಟ್ಟಳೆಯಿತ್ತು. ಪಾಠವನ್ನು ಬಾಯಿಪಾಠ ಮಾಡಿ, ಎದುರಿಗೆ ಕೂತವರಿಗೆ ಒಪ್ಪಿಸದೆ ಪುಟ ತಿರುಗಿಸುವ ಹಾಗಿಲ್ಲ. ಮೂವತ್ತು ವರ್ಷ ಊರ ಮಕ್ಕಳ ಕೈಯಲ್ಲಿ ಒಪ್ಪಿಸಿಕೊಂಡವರು ತಮಗೊಂದು ನ್ಯಾಯ, ಮಕ್ಕಳಿಗೊಂದು ನ್ಯಾಯ ಮಾಡಿಯಾರೆ? ಒಪ್ಪಿಸಲೇಬೇಕು. ಯಾರಿಗೆ? ಮನೆಯಲ್ಲಿ ಬಿಡುವಾಗಿ ಕೂರುವವರು ಯಾರೂ ಇಲ್ಲ. ಕೂತು ಕೆಲಸ ಮಾಡುವವರು ಒಬ್ಬರಿದ್ದರು, ನಮ್ಮ ಅತ್ತೆ.

ಅತ್ತೆ ಪಾವಗಡದ ಆಚೆಯ ತೆಲುಗು ಊರಿನವರು. ಒಂದಕ್ಷರ ಓದಿದವರಲ್ಲ. ಮದುವೆಯಾಗಿ ಬಂದಾಗ ಕನ್ನಡ ನಾಲ್ಕು ಮಾತೂ ಬರುತ್ತಿರಲಿಲ್ಲವಂತೆ. ವರ್ಷ ತಿರುಗುವಷ್ಟರಲ್ಲಿ ಅತ್ತೆಮನೆಯವರ ಜೊತೆ ಕನ್ನಡದಲ್ಲೇ ಜಗಳ ಆಡುವಷ್ಟು ಕಲಿತರಂತೆ. ಸಿರಾದಿಂದ ಬರುತ್ತಿದ್ದ ಬಳೆ ಸಾಬರ ಜೊತೆ ಉರ್ದುವಿನಲ್ಲೇ ಚೌಕಾಸಿ. ಸಂಜೆ ಜಗಲಿಯ ಮೇಲೆ ಅವರು ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂರುವರು. ಮಾವ ಎದುರಿಗೆ ಕೈಕಟ್ಟಿಕೊಂಡು ನಿಂತು ಪಾಠ ಒಪ್ಪಿಸುವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಸ್ಪೇನ್ ದೇಶ!

ಮೂರನೆಯ ದಿನ ಅತ್ತೆ ತಲೆಯೆತ್ತದೆ ಒಂದು ಬೀಜವನ್ನು ಬೇರೆಯಾಗಿ ಎತ್ತಿಟ್ಟರು.

"ಅದೇನೇ ಅದು?" ಎಂದರು ಮಾವ.

"ತಪ್ಪು. ನಿನ್ನೆ ನೀವು ಹಂಗನ್ಲಿಲ್ಲ."

"ನಿಂಗೇನೇ ಗೊತ್ತು ಸ್ಪ್ಯಾನಿಷ್ಷು?"

"ನಂಗೇನೂ ಗೊತ್ತಿಲ್ಲ. ನಿನ್ನೆ ನೀವಂದಿದ್ದು ಗೊತ್ತೈತೆ."

ಮಾವ ಒಳಗೆ ಹೋಗಿ ಪುಸ್ತಕ ನೋಡಿಕೊಂಡು ಬಂದರು. ಮತ್ತೆ ಕೈಕಟ್ಟಿ ಮೊದಲಿನಿಂದ ಶುರು ಮಾಡಿದರು. ಎಂಟು ಜಿಲ್ಲೆ ಸೋಸಿ ತಪ್ಪು ಹಿಡಿಯುವವರಿಲ್ಲದ ಭಾಷೆ ಹುಡುಕಿದರೆ, ಹಿಡಿಯುವವರು ಜಗಲಿಯ ಮೇಲೇ ಕೂತಿದ್ದಾರೆ!

ಮೊದಲನೆಯ ಪಾಠ ಮುಗಿಯುವಾಗ ಬೊಗಸೆ ತುಂಬ ಬೀಜ. ಮೂರನೆಯದಕ್ಕೆ ಒಂದು ಹಿಡಿ. ಕಲಿಕೆ ಎಲ್ಲಿಗೆ ಬಂತು ಎಂದು ಬೊಂಬಾಯಿಯವರು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಿದ್ದರು, ಮಾವ ಅದನ್ನು ನೋಡುತ್ತಲೇ ಇರಲಿಲ್ಲ. ಬೀಜ ಎಷ್ಟು ಎಂದು ಮಾತ್ರ ಕೇಳುವರು. ಊರಿನವರು ಸುಮ್ಮನಿರುತ್ತಾರೆಯೆ? ಕಾಫಿ ಹೋಟೆಲಿನಲ್ಲಿ ಒಬ್ಬ, ಮೇಷ್ಟ್ರೇ, ಕಲಿತು ಯಾರ ಜೊತೆ ಮಾತಾಡ್ತೀರಿ ಎಂದು ಕೆಣಕಿದ. ನೀನು ಕನ್ನಡದಲ್ಲಿ ಊರವರೆಲ್ಲರ ಜೊತೆ ಮಾತಾಡಿ ಏನು ಕಡಿದು ಕಟ್ಟೆ ಹಾಕಿದೆ ಎಂದು ಮಾವ ತಿರುಗಿ ಕೇಳಿದರು. ಅವನ ಕಾಫಿ ಆರಿಹೋಯಿತು.

ನಾಲ್ಕನೆಯ ಪಾಠ ಅಂಗಡಿಯಲ್ಲಿ ಸಾಮಾನು ಕೊಳ್ಳುವುದು. ಅದೇ ವಾರ ಒಬ್ಬ ಕುರುಬರವನು ಕಂಬಳಿ ಮಾರಲು ಬಂದ. ಮಾವ ಬಿಟ್ಟಾರೆಯೆ? ಕಂಬಳಿಯನ್ನು ಕೈಯಲ್ಲಿ ಹಿಡಿದು ಇಡೀ ಪಾಠವನ್ನು ಅವನ ಮೇಲೆ ಸುರಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲಲ್ಲಿದ್ದ ಅತ್ತೆಯನ್ನು ಮೆಲ್ಲಗೆ ಕೇಳಿದ:

"ಅವ್ವಾ, ಅಯ್ನೋರಿಗೆ ಯಾವಾಗ್ಲಿಂದ ಇಂಗೆ?"

"ನಾಕನೇ ಪಾಠದಿಂದ ಕಣಪ್ಪ" ಎಂದರು ಅತ್ತೆ.

ಏಳನೆಯ ಪಾಠದಲ್ಲಿ ಅನಾಹುತವಾಯಿತು. ಹಡಗುಕಟ್ಟೆಯಲ್ಲಿ ಇಳಿದ ಪ್ರಯಾಣಿಕ ಹೋಟೆಲಿಗೆ ಹೋಗಿ, ಸಮುದ್ರ ಕಾಣುವ ಕೋಣೆ ಬೇಕು ಎಂದು ಕೇಳುವ ಭಾಗ. ಮಾವ ಕೋಣೆಯವರೆಗೆ ಬಂದು ನಿಂತರು. ಸಮುದ್ರ ಸಿಗಲಿಲ್ಲ. ಮಧುಗಿರಿ ಬೆಟ್ಟವನ್ನು ನೋಡಿದರು, ಅಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಅತ್ತೆ, ಬೀಜ ಬಿಡಿಸುತ್ತಲೇ, ಉಳಿದರ್ಧ ವಾಕ್ಯವನ್ನು ಪೂರಾ ಹೇಳಿ ಮುಗಿಸಿದರು. ಮಾವ ಎರಡು ದಿನ ಮಾತು ಬಿಟ್ಟರು. ಸಮುದ್ರವನ್ನೇ ನೋಡದ ಹೆಂಗಸು ಸಮುದ್ರ ಹುಡುಕಿಕೊಟ್ಟರೆ ಯಾವ ಗಂಡಸು ಸಹಿಸುತ್ತಾನೆ? ಮೂರನೆಯ ದಿನ ಬೆಳಿಗ್ಗೆ ಅತ್ತೆಯೇ ಸ್ಪ್ಯಾನಿಷಿನ ಬೆಳಗಿನ ನಮಸ್ಕಾರ ಹಾಕಿ, "ಬ್ವೇನೋಸ್ ದೀಯಾಸ್, ನೀರು ಕಾದೈತೆ, ಏಳ್ರಿ" ಎಂದರು. ಮಾವ ಎದ್ದರು. ಸಂಜೆ ಜಗಲಿಗೆ ಬಂದು ಕೈಕಟ್ಟಿ ನಿಂತರು.

ಹನ್ನೊಂದನೆಯ ಪಾಠಕ್ಕೆ ಬಂದದ್ದು ಎರಡೇ ಬೀಜ. ಸರ್ಟಿಫಿಕೇಟಿನ ಕಟ್ಟಿಗೆ ಮಾವ ಆಗಲೇ ಬಡಗಿಗೆ ಹೇಳಿಬಿಟ್ಟಿದ್ದರು.

ಆ ತಿಂಗಳು ಅತ್ತೆಗೆ ಜ್ವರ ಬಂತು. ಐದು ದಿನ ಮಲಗಿದ್ದರು, ಆರನೆಯ ದಿನ ಹೋಗಿಬಿಟ್ಟರು. ಅದನ್ನು ತಮಾಷೆಯಾಗಿ ಹೇಳುವ ದಾರಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹನ್ನೆರಡನೆಯ ಪಾಠ ಅವರ ಮಣ್ಣು ಮುಗಿದ ಮೇಲೆ ಬಂತು. ಸಂಜೆ ಮಾವ ಲಕೋಟೆ ಒಡೆದು ಒಂದು ಸಲ ಗಟ್ಟಿಯಾಗಿ ಓದಿದರು. ನಾಲ್ಕು ದಿನ ಹಾಗೆಯೇ ಓದಿ, ಐದನೆಯ ದಿನ ಖಾಲಿ ಜಗಲಿಯ ಮುಂದೆ ಕೈಕಟ್ಟಿ ನಿಂತು ಒಪ್ಪಿಸಲು ಶುರು ಮಾಡಿದರು. ಒಂದು ಕಡೆ ತಡವರಿಸಿದರು, ನಿಂತರು, ಕಾದರು. ಮೊರ ಗೋಡೆಗೆ ಒರಗಿತ್ತು. ನಾನು ಒಳಗೆ ಎದ್ದು ಹೋದೆ.

ಬೊಂಬಾಯಿಯಿಂದ ಎರಡು ಕಾಗದ ಬಂದವು. ಒಂದೇ ಉತ್ತರ ಬಾಕಿ, ಕಳಿಸಿದರೆ ಸರ್ಟಿಫಿಕೇಟು ತಯಾರು ಎಂದು. ಅರ್ಧ ಗಂಟೆಯ ಕೆಲಸ ಮಾವ, ಬರೆದು ಹಾಕಿಬಿಡಿ, ತುಮಕೂರಿಗೆ ನಾನೂ ಬರುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಒಪ್ಪಿಸದೆ ಪುಟ ತಿರುಗಿಸ್ಬಾರ್ದು ಕಣೋ. ಆ ಸಾಹೇಬ ನಗೋದಾದ್ರೆ ಸಾಯೋವರ್ಗೂ ನಗ್ಲಿ."

ಮಾರನೆಯ ದಿನ ಒಂದು ಕಾರ್ಡು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ, ತಮ್ಮದೇ ಅಕ್ಷರದಲ್ಲಿ, ಎರಡು ಸಾಲು: ನನ್ನ ಉಪಾಧ್ಯಾಯರು ತೀರಿಕೊಂಡಿದ್ದಾರೆ, ಆದ್ದರಿಂದ ಪಾಠ ನಿಲ್ಲಿಸಿದ್ದೇನೆ. ಎರಡನೆಯ ಸಾಲಿನಲ್ಲಿ ಒಂದು ತಪ್ಪಿತ್ತು. ನನ್ನ ಕಣ್ಣು ಅಲ್ಲಿ ನಿಂತದ್ದನ್ನು ಮಾವ ನೋಡಿದರು.

"ಇರ್ಲಿ ಬಿಡು, ಹಂಗೇ ಹೋಗ್ಲಿ" ಎಂದರು. "ತಪ್ಪು ಹಿಡಿಯೋಳೇ ಹೋದ್ಲಲ್ಲ."

ನಾನು ಹಾಗೆಯೇ ಒಯ್ದು ಟಪಾಲು ಪೆಟ್ಟಿಗೆಗೆ ಹಾಕಿದೆ.